ಮೂರು ಇಂಚಿನ ಬೇವಿನ ಪಟ್ಟಿ

ನಮ್ಮ ಪಡಸಾಲೆಯಲ್ಲಿ ಸಾಗವಾನಿಯ ಒಂದು ರ್‍ಯಾಕ್ ಇದೆ. ನಾಲ್ಕು ಖಾನೆ. ಮೇಲೆ ರೆಕಾರ್ಡ್ ಪ್ಲೇಯರ್, ಅದರ ಕೆಳಗೆ ಆಂಪ್ಲಿಫೈಯರ್, ಆಮೇಲೆ ಕ್ಯಾಸೆಟ್ ಡೆಕ್, ತಳದಲ್ಲಿ ಕ್ಯಾಸೆಟ್ಟುಗಳು. ಬಲಬದಿಗೆ, ಮೇಲಿನ ಹಲಗೆಯಿಂದ ಕೆಳಗಿನ ಹಲಗೆಯವರೆಗೆ, ಮೂರು ಇಂಚು ಅಗಲಕ್ಕೆ ಮರದ ಬಣ್ಣವೇ ಬೇರೆ. ಬಂದವರು ಅದೇಕೆ ಹಾಗೆ ಎಂದು ಕೇಳುತ್ತಾರೆ. ನನ್ನ ಯಜಮಾನರು ಶರಣಬಸಪ್ಪನವರು ನಗುತ್ತಾ ಒಂದು ಕತೆ ಹೇಳುತ್ತಾರೆ. ಆ ಕತೆ ನಿಜವಲ್ಲ. ಅದನ್ನು ಕೇಳುವಾಗೆಲ್ಲ ನಾನು ಅಡುಗೆಮನೆಗೆ ಎದ್ದು ಹೋಗುತ್ತೇನೆ.

೧೯೯೯ರ ಮಾತು. ಕೊಪ್ಪಳದ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಾನು ನಿವೃತ್ತಳಾಗಿ ಒಂದು ವರ್ಷವಾಗಿತ್ತು. ಯಜಮಾನರು ನೀರಾವರಿ ಇಲಾಖೆಯಿಂದ ಅದೇ ವರ್ಷ ಹೊರಬಂದಿದ್ದರು. ಅವರಿಗೆ ಮೊದಲಿನಿಂದಲೂ ಸಂಗೀತದ ಹುಚ್ಚು. ಕಾಲುವೆ ಕೆಲಸದ ಶೆಡ್ಡುಗಳಲ್ಲಿ ಸಣ್ಣ ರೇಡಿಯೋ ಕಿವಿಗೆ ಹಚ್ಚಿಕೊಂಡೇ ಕಳೆದವರು, ಈಗ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ದೊಡ್ಡ ಸೆಟ್ಟನ್ನೇ ಗೊತ್ತು ಮಾಡಿ ಬಂದರು. ಅಂಗಡಿಯವನು ಅದರ ಜೊತೆಗೆ ಗಾಜಿನ ಹಲಗೆ, ಕಬ್ಬಿಣದ ಕಾಲಿನ ರ್‍ಯಾಕೊಂದನ್ನೂ ತೋರಿಸಿದ್ದನಂತೆ.

"ಛಲೋ ಹೊಳೀತೈತಿ, ಅದನ್ನ ತರೋಣು," ಎಂದರು.

ನಾನು ಬೇಡವೆಂದೆ. ಇರಕಲ್ಲಗಡದ ಓಬಳೆಪ್ಪ ಬಡಿಗೇರ ಇರುವಾಗ ಗಾಜು ಯಾಕೆ? ನಮ್ಮ ಮನೆಯ ಕಪಾಟು, ನನ್ನ ಬರೆಯುವ ಮೇಜು ಎಲ್ಲವೂ ಅವನ ಕೈಯವೇ. ಕೆಲಸಕ್ಕೆ ಬಂದರೆ ಮೊದಲು ಗೋಣಿತಟ್ಟು ಹಾಸಿ, ಕೀಸಿದ ಹೊಟ್ಟು ನೆಲಕ್ಕೆ ಬೀಳದಂತೆ ಕೂಡುವವನು. ಹೋಗುವಾಗ ಕಟ್ಟಿಗೆಯ ಚೂರುಗಳನ್ನು ಒಲೆಗೆ ಬೇಕಾದ ಅಳತೆಗೆ ಕಡಿದು, ಕಟ್ಟು ಕಟ್ಟಿ ಹಿತ್ತಲಲ್ಲಿಟ್ಟು ಹೋಗುವವನು.

ಓಬಳೆಪ್ಪನಿಗೆ ಹೇಳಿ ಕಳಿಸಿದೆವು. ಬಂದು ಪಡಸಾಲೆಯ ಗೋಡೆ ನೋಡಿದ, ನೆಲ ಮುಟ್ಟಿ ನೋಡಿದ.

"ಸಾಹೇಬ್ರ, ಆ ಮಿಷನ್ನು ಬಿಸಿ ಆಗತಾವೇನ್ರಿ?"

"ಆಗತಾವಪ್ಪ. ದೊಡ್ಡದು ಭಾಳ ಬಿಸಿ ಆಗತೈತಿ."

"ಹಂಗಾರ ಬೆನ್ನಿಗೆ ಹಲಗಿ ಹೊಡ್ಯಂಗಿಲ್ರಿ. ಉಸರಾಡಲಿ. ಕಾಲಿಗೆ ಕಂಬಳಿ ತುಣುಕು ಹಚ್ಚತೀನಿ. ನೀವು ಅಡ್ಡಾಡಿದ್ರ ಮ್ಯಾಲೆ ತಿರುಗೋ ತಟ್ಟಿ ನಡುಗಬಾರ್ದಲ್ರಿ."

ಯಜಮಾನರಿಗೆ ಖುಷಿಯೋ ಖುಷಿ. "ಹುಬ್ಬಳ್ಳ್ಯಾಗಿನ ಅಂಗಡಿಯವಗ ಇಷ್ಟ ಗೊತ್ತಿದ್ದಿಲ್ಲ ನೋಡು!" ಎಂದರು. ಆವಾಗಲೇ ಅವರಿಗೆ ಇನ್ನೊಂದು ವಿಚಾರ ಹೊಳೆಯಿತು. ಅವರ ಜೊತೆ ನೌಕರಿ ಮಾಡಿದ ಗೆಳೆಯ ವಿರೂಪಾಕ್ಷಪ್ಪನವರು ಕುಷ್ಟಗಿಯಲ್ಲಿ, ತಮ್ಮ ದಾಳಿಂಬೆ ತೋಟದ ಪಕ್ಕ, ಹೊಸ ಮನೆ ಕಟ್ಟಿಸುತ್ತಿದ್ದರು. ಬಾಗಿಲು, ಕಿಟಕಿ, ಕಪಾಟು ಎಲ್ಲಕ್ಕೂ ಒಬ್ಬ ಬಡಿಗೇರ ಬೇಕಿತ್ತು. "ಈ ರ್‍ಯಾಕ್ ಮುಗಸು. ವಿರೂಪಾಕ್ಷಿ ಬಂದು ನೋಡಲಿ. ಒಂದು ವರ್ಷದ ಕೆಲಸ ನಿಂದ," ಎಂದು ಓಬಳೆಪ್ಪನಿಗೆ ಹೇಳಿದರು. ಅವನು ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

ಸೆಟ್ಟು ಇನ್ನೂ ಅಂಗಡಿಯಲ್ಲೇ ಇತ್ತು. ಯಜಮಾನರು ಹುಬ್ಬಳ್ಳಿಗೆ ಫೋನು ಮಾಡಿ ಅಳತೆ ಕೇಳಿದರು. ಹದಿನೇಳು ಇಂಚು ಅಗಲ. ಆಚೆ ಈಚೆ ಗಾಳಿಗೆ ಒಂದೊಂದು ಇಂಚು ಸೇರಿಸಿ ಹತ್ತೊಂಬತ್ತು. ಅವರು ಫೋನಿನಿಂದಲೇ ಕೂಗಿ ಹೇಳುತ್ತಿದ್ದರು, ನಾನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಮರುದಿನ ಚೀಟಿ ಕೈಗೆ ಕೊಟ್ಟಾಗ ಓಬಳೆಪ್ಪ ಅದನ್ನು ಸ್ವಲ್ಪ ದೂರ ಹಿಡಿದು ನೋಡಿದ.

"ಅಕ್ಕೋರ, ಇಂಗ್ಲಿಷ್ ಅಂಕಿ ಬರದು ಕೊಡ್ರಲ್ಲ. ನಮ್ಮ ಟೇಪಿನ್ಯಾಗ ಹಂಗ ಇರತಾವು. ರೂಢಿ ಅದರದ."

ನಾನು ಕನ್ನಡ ಅಂಕಿಯನ್ನೇ ಬರೆಯುವವಳು. ಶಾಲೆಯ ಹಾಜರಿ ಪುಸ್ತಕದಲ್ಲೂ ಬಿಟ್ಟಿರಲಿಲ್ಲ. ಅದು ನನ್ನ ಅಭಿಮಾನ. ಆ ದಿನ ಯಾಕೆ ಹಾಗೆ ಅಂದೆನೋ, "ಕನ್ನಡದಾಗ ಹುಟ್ಟಿ ಕನ್ನಡ ಅಂಕಿ ಓದಾಕ ಬರಂಗಿಲ್ಲೇನೋ ಓಬಳೆಪ್ಪ? ನನ್ನ ಐದನೇತ್ತ ಹುಡುಗ್ರು ಓದತಾರ!" ಎಂದುಬಿಟ್ಟೆ. ಯಜಮಾನರು ನಕ್ಕರು. ಓಬಳೆಪ್ಪನೂ ನಕ್ಕ. "ಬರತೈತ್ರಿ ಅಕ್ಕೋರ, ಬರತೈತಿ," ಎಂದು ಚೀಟಿಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

ಮೂರು ವಾರದ ಮೇಲೆ, ಸೆಟ್ಟು ಬರುವ ದಿನವೇ ರ್‍ಯಾಕೂ ಬಂತು. ವಿರೂಪಾಕ್ಷಪ್ಪನವರನ್ನೂ ಊಟಕ್ಕೆ ಕರೆದಿದ್ದೆವು. ಕುಷ್ಟಗಿಯಿಂದ ಒಂದು ಬುಟ್ಟಿ ದಾಳಿಂಬೆ ಹೊತ್ತುಕೊಂಡೇ ಬಂದರು. ಓಬಳೆಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ರ್‍ಯಾಕ್ ನೋಡಿದರೆ ಕಣ್ಣು ತುಂಬುವಂತಿತ್ತು. ಮುಂದಿನ ಮೂಲೆಗಳನ್ನು ಗುಂಡಗೆ ಉಜ್ಜಿದ್ದ. ನಾನು ಕೈಯಾಡಿಸಿದ್ದನ್ನು ಕಂಡು, "ನಿಮಗ ಮೊಣಕಾಲು ಬ್ಯಾನಿ ಐತಲ್ರಿ ಅಕ್ಕೋರ. ಹಾದು ಹೋಗುವಾಗ ತಾಗಬಾರ್ದು ಅಂತ," ಎಂದ.

ಯಜಮಾನರೂ ವಿರೂಪಾಕ್ಷಪ್ಪನವರೂ ಸೇರಿ ಆಂಪ್ಲಿಫೈಯರನ್ನು ಎತ್ತಿ ಖಾನೆಗೆ ತಂದರು. ಒಳಗೆ ಹೋಗಲಿಲ್ಲ. ಓರೆ ಮಾಡಿದರು. ಹೋಗಲಿಲ್ಲ. ಓಬಳೆಪ್ಪ ಟೇಪು ತೆಗೆದು ಖಾನೆ ಅಳೆದ. ಹದಿನಾರು.

"ಹತ್ತೊಂಬತ್ತು ಅಂತ ಬರಸಿದ್ನಲ್ಲೋ!" ಯಜಮಾನರು ಕೂಗಿದರು. "ಇಕಿ ಬರದು ಕೊಟ್ಟಾಳ, ಕಣ್ಣಿಗೆ ಹೊಡಿಯೂ ಹಂಗ!"

ಓಬಳೆಪ್ಪ ಕಿಸೆಗೆ ಕೈ ಹಾಕಿದ. ಚೀಟಿ ತೆಗೆದು ಬಿಡಿಸಿದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ನನ್ನದೇ ಅಕ್ಷರ, ನನ್ನದೇ ನೀಲಿ ಶಾಯಿ. ಕನ್ನಡದ ಆರಕ್ಕೂ ಒಂಬತ್ತಕ್ಕೂ ತಲೆ ಒಂದೇ ಥರ. ಬಾಲ ತಿರುಗುವ ರೀತಿಯಲ್ಲಷ್ಟೇ ವ್ಯತ್ಯಾಸ. "ಬಾಲ ನೋಡಿ ಬರೀರಿ" ಎಂದು ಎಷ್ಟು ಮಕ್ಕಳ ಪಾಟಿಯ ಮೇಲೆ ನಾನೇ ತಿದ್ದಿಸಿದ್ದೆ! ಚೀಟಿಯಲ್ಲಿ ಇದ್ದದ್ದು ೧೬. ಸಂಶಯಕ್ಕೆ ಜಾಗವೇ ಇರಲಿಲ್ಲ.

ಓಬಳೆಪ್ಪ ಚೀಟಿಯಿಂದ ತಲೆಯೆತ್ತಿ ನನ್ನ ಮುಖ ನೋಡಿದ. ನಾನು ನೋಡಿದ್ದನ್ನು ಅವನು ನೋಡಿದ. ನಾನು ಬಾಯಿ ತೆರೆಯಬೇಕಾದದ್ದು ಆಗಲೇ. ತೆರೆಯಲಿಲ್ಲ. ನನ್ನ ಕಣ್ಣು ದಾಳಿಂಬೆ ಬುಟ್ಟಿಯ ಕಡೆ ಹೊರಳಿತು.

ಅವನು ಚೀಟಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಕಿಸೆಗೆ ಸೇರಿಸಿದ.

"ನಂದ ತಪ್ಪಾತ್ರಿ ಸಾಹೇಬ್ರ. ಟೇಪ್ ಹಿಡಿಯೋದ್ರಾಗ ಏನೋ ಎಡವಟ್ಟಾಗೇತಿ."

"ಶರಣಬಸಪ್ಪಾ," ವಿರೂಪಾಕ್ಷಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು, "ಇಂವ ನನ್ನ ಮನಿ ಬಾಗಲಾ ಮಾಡಿದ್ನಂದ್ರ ನನ್ನ ಹೇಣ್ತಿ ಅಡ್ಡಡ್ಡ ಹೊಕ್ಕೋಬೇಕಾಗತೈತಿ! ಬ್ಯಾಡಪ್ಪ, ನಾ ಯಲಬುರ್ಗಿಯವನ್ನ ಕರಸತೀನಿ."

ಓಬಳೆಪ್ಪನೂ ಅವರ ಜೊತೆ ಸ್ವಲ್ಪ ನಕ್ಕ. ನಾನು ಎಲ್ಲರಿಗೂ ಹೋಳಿಗೆ ಬಡಿಸಿದೆ. ಅವನು ಊಟಕ್ಕೆ ಕೂಡಲಿಲ್ಲ. ರ್‍ಯಾಕನ್ನು ಟಂಟಂ ಗಾಡಿಗೆ ಹೇರಿಕೊಂಡು ಹೊರಟುಹೋದ.

ಐದು ದಿನಕ್ಕೆ ಮತ್ತೆ ತಂದ. ಅದೇ ಬಣ್ಣದ ಸಾಗವಾನಿ ಸಿಗಲಿಲ್ಲವಂತೆ. ತನ್ನ ಹಿತ್ತಲಲ್ಲಿ ಕಡಿದು ಒಣಗಿಸಿಟ್ಟಿದ್ದ ಬೇವನ್ನು ಮೂರು ಇಂಚು ಸೀಳಿ, ಪ್ರತಿ ಹಲಗೆಗೂ ಜೋಡಿಸಿದ್ದ. "ಬೇವಿಗೆ ಹುಳಾ ಹತ್ತಂಗಿಲ್ರಿ," ಎಂದಷ್ಟೇ ಹೇಳಿದ. ಸೆಟ್ಟು ಸಲೀಸಾಗಿ ಕೂತಿತು. ಆ ಸಂಜೆ ಯಜಮಾನರು ಕಣ್ಣು ಮುಚ್ಚಿಕೊಂಡು ಸಾರಂಗಿ ಕೇಳುತ್ತ ಕುಳಿತಿದ್ದರು. ಈಗ ಹೇಳೋಣ ಎಂದುಕೊಂಡೆ. ಈ ರೆಕಾರ್ಡು ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ ಅವರು ಅದನ್ನು ಮಗ್ಗಲು ತಿರುವಿ ಹಾಕಿದರು. ಹೀಗೇ ಹತ್ತು ದಿನ ಹೋದವು.

ಒಂದು ಬೆಳಿಗ್ಗೆ ರ್‍ಯಾಕಿನ ಧೂಳು ಒರೆಸುತ್ತಿದ್ದೆ. ಬಟ್ಟೆ ಬೇವಿನ ಪಟ್ಟಿಯ ಮೂಲೆಗೆ ಬಂತು. ಆ ಮೂಲೆಯನ್ನೂ ಅವನು ಗುಂಡಗೆ ಉಜ್ಜಿದ್ದ. ನನ್ನ ತಪ್ಪನ್ನು ಹೊತ್ತುಕೊಂಡು ಹೋಗಿ, ನಗೆಪಾಟಲಾಗಿ, ಕೈಗೆ ಬಂದ ಒಂದು ವರ್ಷದ ಕೆಲಸ ಕಳೆದುಕೊಂಡವನು ನನ್ನ ಮೊಣಕಾಲನ್ನು ಮರೆತಿರಲಿಲ್ಲ. ನಾನು ಬಟ್ಟೆಯನ್ನು ಅಲ್ಲೇ ಬಿಟ್ಟು, ಸೀರೆ ಬದಲಿಸಿ, ಇರಕಲ್ಲಗಡದ ಬಸ್ಸು ಹತ್ತಿದೆ.

ಓಬಳೆಪ್ಪ ಮನೆಯಲ್ಲಿರಲಿಲ್ಲ, ಯಾರದೋ ಹೊಲಕ್ಕೆ ಕುಂಟೆ ರಿಪೇರಿಗೆ ಹೋಗಿದ್ದ. ಅವನ ಹೆಂಡತಿ ಪಕ್ಕೀರವ್ವ ನನ್ನನ್ನು ಕಂಡು ಗಾಬರಿಯಾಗಿ ಚಾಪೆ ಹಾಸಿದಳು. ಚಹಾ ಕೊಟ್ಟಳು. ತಾನೇ ಮಾತು ತೆಗೆದಳು.

"ಕುಷ್ಟಗಿ ಕೆಲಸ ತಪ್ಪಿ ಹೋತ್ರಿ ಅಕ್ಕೋರ. ನಿಮ್ಮ ಮನ್ಯಾಗ ಅಳತಿ ತಪ್ಪೇತಂತಲ್ರಿ. ಇಷ್ಟು ವರ್ಷದಾಗ ಒಂದ ದಿನ ಹಿಂಗ ಆಗಿದ್ದಿಲ್ಲ. ಕಣ್ಣು ಮಂದ ಆಗ್ಯಾವೇನೋ, ಡಾಕ್ಟರ ಕಡೆ ತೋರಸ್ರಿ ಅಂದ್ರ ಸುಮ್ಕ ನಗತಾರ. ನೀವರ ಒಂದ್ ಮಾತು ಹೇಳ್ರಿ. ನಿಮ್ಮ ಮಾತಂದ್ರ ಕೇಳತಾರ."

ಅವನು ಹೆಂಡತಿಗೂ ಹೇಳಿರಲಿಲ್ಲ. ಚಹಾದ ಬಸಿಯನ್ನು ಕೆಳಗಿಟ್ಟೆ.

"ಅವನ ಕಣ್ಣು ಛಲೋ ಅದಾವು ಪಕ್ಕೀರವ್ವ," ಎಂದೆ. "ತಪ್ಪು ಬರದಾಕಿ ನಾನು."

ಎಲ್ಲವನ್ನೂ ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು. ಅಷ್ಟರಲ್ಲಿ ಓಬಳೆಪ್ಪ ಬಂದ. ಹೆಂಡತಿಯ ಮುಖ ನೋಡಿದವನಿಗೆ ತಿಳಿಯಿತು.

"ಅದಕ್ಕೆಲ್ಲ ಇಷ್ಟ ದೂರ ಬಂದ್ರೇನ್ರಿ ಅಕ್ಕೋರ?"

"ಅವತ್ತ ಚೀಟಿ ಯಾಕ ತೋರಸಲಿಲ್ಲೋ?"

ಅವನು ಹೊರಗೆ ನೋಡಿದ. "ನೀವು ಸಾಲಿ ಕಲಿಸಿದೋರು. ನನ್ನ ಮಗಳಿಗೂ ಅಕ್ಷರ ಕಲಿಸೀರಿ. ಹೊರಗಿನವ್ರು ಕುಂತಿದ್ರು, ಸಾಹೇಬ್ರು ಸಿಟ್ಟಿನ್ಯಾಗಿದ್ರು. ನಾ ಬಡಿಗ್ಯಾ, ತಪ್ಪಂದ್ರ ತಪ್ಪು, ಮತ್ತ ಮಾಡಿ ಕೊಡತೀನಿ. ನಿಮಗ ಹಂಗಲ್ಲಲ್ರಿ."

"ಆ ಚೀಟಿ ಕೊಡು. ವಿರೂಪಾಕ್ಷಪ್ಪನವರಿಗೆ ನಾನ ತೋರಸತೀನಿ. ಆ ಕೆಲಸ ನಿನಗ ಬರಬೇಕು."

"ಅವತ್ತ ಸಂಜಿಗೇ ಒಲಿಗೆ ಹಾಕೀನ್ರಿ," ಎಂದ. "ಯಾರರ ನೋಡಿಗೀಡಿಯಾರು ಅಂತ."

ಪಕ್ಕೀರವ್ವ ಆಗ ಒಂದೇ ಮಾತು ಅಂದಳು. "ಹಾಕಬಾರದಿತ್ತು." ಅವಳು ನನ್ನ ಕಡೆ ನೋಡದೆ ಅಂದಳು. ಅದು ನ್ಯಾಯವಾದ ಮಾತು. ಆದರೂ ನಾನು ಹೊರಟಾಗ ಬಸ್ ಸ್ಟ್ಯಾಂಡಿನವರೆಗೆ ಬಂದು, ಬಿಸಿಲೆಂದು ತನ್ನ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದಳು.

ಮನೆಗೆ ಬಂದವಳೇ ಯಜಮಾನರಿಗೆ ಹೇಳಿದೆ. ಅವರು ಪ್ಲೇಯರಿನ ಮುಳ್ಳನ್ನು ಎತ್ತಿಟ್ಟು, ನನ್ನನ್ನೇ ನೋಡಿ, ಮೆಲ್ಲಗೆ ನಕ್ಕರು.

"ಓಬಳೆಪ್ಪನ ಮನಿಗೆ ಹೋಗಿದ್ದೆಂದ್ರ ಗೊತ್ತಾತು ಬಿಡು. ಅವನ ಹೇಣ್ತಿ ಅತ್ತಾಳ, ನೀ ಕರಗೀದಿ."

"ಹಂಗಲ್ರಿ. ಕಣ್ಣಾರೆ ನೋಡೀನಿ. ಆರು ಬರದಿದ್ದೆ."

"ಮೂವತ್ತು ವರ್ಷ ಅಂಕಿ ತಿದ್ದಿಸಿದಾಕಿ ಒಂಬತ್ತಕ್ಕ ಆರು ಬರೀತಿ? ಎಲ್ಲೈತಿ ಚೀಟಿ?"

ವಿರೂಪಾಕ್ಷಪ್ಪನವರಿಗೆ ಫೋನು ಮಾಡಿದೆ. ಅವರೂ ಹಾಗೆಯೇ ಅಂದರು. "ಅಕ್ಕಾರ, ನಿಮ್ಮಂಥ ಮನಸ್ಸು ಯಾರಿಗೈತ್ರಿ? ಬಡವನ ಸಲುವಾಗಿ ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತೀರಿ. ಆದ್ರ ಯಲಬುರ್ಗಿಯವ ಬಂದು ಚೌಕಟ್ಟು ನಿಲ್ಲಿಸ್ಯಾನ್ರಿ. ಇನ್ನ ಹೆಂಗ ತಗಸಲಿ?" ಓಬಳೆಪ್ಪನ ತಪ್ಪಲ್ಲ ಎಂದು ನಾನು ಮತ್ತೆ ಮತ್ತೆ ಹೇಳಿದಷ್ಟೂ ಅವರ ದನಿಯಲ್ಲಿ ನನ್ನ ಮೇಲಿನ ಗೌರವ ಏರುತ್ತಲೇ ಹೋಯಿತು.

ಯಜಮಾನರು ಬಂದವರಿಗೆ ಹೇಳುವ ಕತೆ ಇದೇ. ಬಡಿಗೇರ ಮೂರು ಇಂಚು ತಪ್ಪಿದ್ದು, ಅವನ ಕೆಲಸ ಹೋಗಬಾರದೆಂದು ಅಕ್ಕೋರು ತಪ್ಪು ತಮ್ಮದೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದು. ಹೋದ ವರ್ಷ ಗಂಗಾವತಿಯ ಒಂದು ಮದುವೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಈ ಕತೆ ಕೇಳಿದ್ದೇನೆಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆ ಕಾಲನ್ನು ಎಲ್ಲಿ ಅಡಗಿಸಿಡಲಿ ಎನ್ನಿಸಿತು.

ಓಬಳೆಪ್ಪನನ್ನು ಆಮೇಲೂ ಕೆಲಸಕ್ಕೆ ಕರೆದಿದ್ದೇನೆ, ಬಂದಿದ್ದಾನೆ. ಗೋಣಿತಟ್ಟು ಹಾಸಿಕೊಂಡೇ ಕೂಡುತ್ತಾನೆ. ಅಳತೆಯನ್ನು ಅವನೇ ಹಿಡಿಯುತ್ತಾನೆ, ಅವನೇ ಬರೆದುಕೊಳ್ಳುತ್ತಾನೆ. ಬರೆದದ್ದನ್ನು ನನಗೊಮ್ಮೆ ತೋರಿಸಿ, "ಸರಿ ಐತೇನ್ರಿ ಅಕ್ಕೋರ?" ಎಂದು ಕೇಳುತ್ತಾನೆ. ಅವನು ಬರೆಯುವುದು ಕನ್ನಡ ಅಂಕಿಯಲ್ಲೇ. ಬಾಲ ಬಹಳ ಚೆನ್ನಾಗಿ ತಿರುಗಿರುತ್ತದೆ.

ಸಾಗವಾನಿ ವರ್ಷ ಕಳೆದಂತೆ ಕಪ್ಪಾಗಿದೆ, ಬೇವು ಹಾಗಾಗಿಲ್ಲ. ಪಟ್ಟಿ ಈಗ ಮೊದಲಿಗಿಂತ ಎದ್ದು ಕಾಣುತ್ತದೆ. ಯಾರೂ ನಂಬದ ಮಾತನ್ನು ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಸುಟ್ಟುಹೋದ ಆ ಚೀಟಿಯ ಬದಲಿಗೆ ಇದು ಇರಲಿ. ಅದರಲ್ಲಿ ಇದ್ದದ್ದು ೧೬. ಬರೆದವಳು ನಾನು, ಅನುಸೂಯಾ.