ಅಕ್ಕನ ಸೋಮವಾರದ ಡಬ್ಬಿ

ಹೊನ್ನೂರಿನ ಸದಾಶಿವಪ್ಪನವರ ಅಡಿಗೆಮನೆಯಲ್ಲಿ ಅಕ್ಕಿ ಅಳೆಯುವ ಹಿತ್ತಾಳೆಯ ಸೇರೊಂದಿತ್ತು. ಆ ಸೇರು ಯಾರ ಕೈಯಲ್ಲಿದೆಯೋ ಮನೆ ಅವರ ಮಾತಿನಂತೆ ನಡೆಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅದು ಹಿರಿಸೊಸೆ ನಾಗಶ್ರೀಯ ಕೈಯಲ್ಲಿತ್ತು. ಈ ಯುಗಾದಿ ಕಳೆದ ಮೇಲೆ ಅತ್ತೆ ವೀರಮ್ಮ ಅದನ್ನು ತೆಗೆದು ಕಿರಿಸೊಸೆ ಕೋಮಲಳಿಗೆ ಕೊಟ್ಟರು.

ಕೋಮಲ ಶಾಗ್ಯದ ಹುಡುಗಿ. ಕೊಳ್ಳೇಗಾಲದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಾಳೆ. ಒಂದು ಭಾನುವಾರ ಮನೆಯವರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ, ಹಳೆಯ ಡಬ್ಬಿಗಳನ್ನು ಸಾಲಾಗಿಟ್ಟು, "ಇದು ಗ್ಯಾಸಿಗೆ, ಇದು ಮಕ್ಕಳ ಫೀಜಿಗೆ, ಇದು ಮಾವನ ಶುಗರ್ ಮಾತ್ರೆಗೆ" ಎಂದು ಇಡೀ ಸಂಸಾರವನ್ನೇ ಡಬ್ಬಿಗಳಲ್ಲಿ ತುಂಬಿದಳು. ಮಿಲ್ಲಿನಿಂದ ಬಂದ ಅಕ್ಕಿಯಲ್ಲಿ ತಿಂಗಳ ಪಾಲನ್ನು ಅಳೆದು ಡ್ರಮ್ಮಿಗೆ ಹಾಕಿದಳು. ಮಿಕ್ಕ ಮೂಟೆಗಳು ಮಾರಾಟಕ್ಕೆ.

"ಇಷ್ಟ್ ದಿನ ನಮ್ಮನೇಲಿ ಯಾವ್ದು ಎಲ್ಲಿಗ್ ಓಯ್ತಿತ್ತು ಅಂತ್ಲೇ ತಿಳೀತಿರ್ಲಿಲ್ಲ ಕಣವ್ವ" ಎಂದು ಸದಾಶಿವಪ್ಪ ಕಿರಿಸೊಸೆಯನ್ನು ಹೊಗಳಿದರು.

ಆ ಮಾತು ನಾಗಶ್ರೀಯ ಎದೆಯಲ್ಲಿ ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯಾಯಿತು. ಹಾಗಾದರೆ ಇಷ್ಟು ವರ್ಷ ತಾನು ಮಾಡಿದ್ದೇನು? ಮಳೆಯನ್ನೇ ನಂಬಿದ ಶಾಗ್ಯದಲ್ಲಿ ರಾಗಿಮುದ್ದೆ ಉಂಡು ಬೆಳೆದವಳು ಗದ್ದೆ ಬಯಲಿನವರಿಗೆ ಅಕ್ಕಿ ಅಳೆಯುವುದನ್ನು ಕಲಿಸುತ್ತಾಳೆಯೇ?

ಅವಳ ಮುಖ ನೋಡಿದ ವೀರಮ್ಮ, "ಮುನಿಸ್ಕಬ್ಯಾಡ ಕಣ್ ನಾಗಶ್ರೀ. ಅಮಾಸೆ ಗಂಟ ನೋಡವ. ಅಷ್ಟ್ರೊಳಗೆ ಡ್ರಮ್ಮು ಬರಿದಾದ್ರೆ ಸೇರು ನಿನ್ ಕೈಗೇ ಬತ್ತದ" ಎಂದರು.

ಅಷ್ಟು ಸಾಕಿತ್ತು. ಸೋಮವಾರ ಭಿಕ್ಷೆಗೆ ಬರುವ ಶಿವಯ್ಯನವರಿಗೆ ಊಟ ಬಡಿಸುವುದು ನಾಗಶ್ರೀಯ ಹಳೆಯ ವ್ರತ. ಈ ತಿಂಗಳು ಆ ವ್ರತಕ್ಕೆ ರೆಕ್ಕೆ ಬಂತು. ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟವರು, ಕಬ್ಬು ಕಡಿಯುವವರು, ಬಸ್ಸು ತಪ್ಪಿಸಿಕೊಂಡವರು, ಕಂಡವರನ್ನೆಲ್ಲ ಅವಳು ಕರೆದಳು. "ಬನ್ನಿ ಬನ್ನಿ, ಸೋಮವಾರ ಬರಿ ಹೊಟ್ಟೇಲಿ ಓಗ್ಬಾರ್ದು." ಬಾಯಲ್ಲಿ ಶಿವನ ಹೆಸರು, ಕಣ್ಣು ಮಾತ್ರ ಡ್ರಮ್ಮಿನ ತಳದ ಮೇಲೆ. ಉಂಡವರು ಕೈ ಮುಗಿದು ಹರಸಿ ಹೋಗುವಾಗ ಅವಳು ತಲೆ ತಗ್ಗಿಸುತ್ತಿದ್ದಳು. ನೋಡಿದವರು ವಿನಯವೆಂದುಕೊಂಡರು.

ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನವಿರುವಾಗ ಸೇರು ಡ್ರಮ್ಮಿನ ತಳಕ್ಕೆ ತಾಗಿ ಠಣ್ಣೆಂದಿತು. ನಾಗಶ್ರೀಗೆ ಅದು ಮಂಗಳಾರತಿಯ ಗಂಟೆಯಂತೆ ಕೇಳಿಸಿತು.

"ಅತ್ತೇ, ಬಂದು ನೋಡಿ. ನಿಮ್ ಲೆಕ್ಕದ ಸೊಸೆ ಮನೆಯೋರ್ನ ಉಪವಾಸ ಕೆಡುವ್ತಾಳೆ!"

ಎಲ್ಲರೂ ಬಂದರು. ಕೋಮಲ ಡ್ರಮ್ಮಿನೊಳಗೆ ಬಗ್ಗಿ ನೋಡಿ, ಕೋಣೆಗೆ ಹೋಗಿ, ಮಂಚದಡಿಯಿಂದ ದೊಡ್ಡ ಡಬ್ಬಿಯೊಂದನ್ನು ಎಳೆದು ತಂದಳು. ಅದರ ತುಂಬ ಅಕ್ಕಿ.

"ತಿಂಗಳ ಮೊದಲ್ನೇ ದಿನವೇ ಡ್ರಮ್ಮಿಂದ ತೆಗೆದು ಇಟ್ಟಿದ್ದೆ ಅತ್ತೆ. ಸೋಮವಾರ ಅಂದ್ರೆ ಅಕ್ಕನ ಕೈ ಹಿಡಿಯೋರುಂಟಾ? ಅದ್ಕೂ ಒಂದು ಡಬ್ಬಿ ಬೇಕಲ್ವಾ?"

ಸದಾಶಿವಪ್ಪ ನಕ್ಕುಬಿಟ್ಟರು. "ಅಲ್ಲಾ ನಾಗಶ್ರೀ, ನೀನ್ ಧಾರಾಳಿ ಅಂತ ನಿನ್ನ ಓರಗಿತ್ತಿ ಮೊದ್ಲೇ ಲೆಕ್ಕ ಹಾಕವಳೆ ನೋಡು!"

ಎಲ್ಲರೂ ನಾಗಶ್ರೀಯ ಧಾರಾಳತನವನ್ನು ಹೊಗಳುವವರೇ. ಅವಳಿಗೆ ಮಾತ್ರ ಒಂದೊಂದು ಹೊಗಳಿಕೆಯೂ ಮುಳ್ಳಾಗಿ ನಟ್ಟಿತು. ತಾನು ಬೇಕೆಂದೇ ಕೆಡಿಸಹೊರಟಿದ್ದಕ್ಕೂ ಆ ಹುಡುಗಿ ಪಾಲು ತೆಗೆದಿಟ್ಟಿದ್ದಳು. ತನಗೆ ಬಂದ ಪುಣ್ಯದ ಹೆಸರೂ ಅವಳು ಅಳೆದು ಕೊಟ್ಟದ್ದೇ.

ಸೇರು ಕೋಮಲಳಲ್ಲೇ ಉಳಿಯಿತು. ಡಬ್ಬಿಗೆ ಹೊಸ ತಿಂಗಳ ಪಾಲು ತುಂಬಿ ವೀರಮ್ಮ ನಾಗಶ್ರೀಗೆ ಕೊಟ್ಟರು. "ಇದು ನಿಂದೇ ಕಣವ್ವ. ಯಾರೂ ಕೇಳಕಿಲ್ಲ."

ಅಂದು ರಾತ್ರಿ ನಾಗಶ್ರೀ ನಿಶ್ಚಯಿಸಿಕೊಂಡಳು: ಕೋಮಲ ಗೊತ್ತುಮಾಡಿದ ಪಾಲಿನಲ್ಲೇ ಉಳಿಸಿ ಅವಳ ಕಣ್ಣೆದುರಿಗೆ ಹಿಡಿಯಬೇಕು.

ಮುಂದಿನ ಸೋಮವಾರ ಶಿವಯ್ಯನವರೊಬ್ಬರಿಗೇ ಎಂದು ಅಳೆದು ಬೇಯಿಸಿದಳು, ಜೊತೆಗೆ ತನ್ನದೊಂದು ಪಾಲು. ಆದರೆ ಶಿವಯ್ಯನವರ ಹಿಂದೆ ಅಜ್ಜೀಪುರದ ಕಡೆಯ ಮುದುಕರೊಬ್ಬರು ಕೋಲೂರಿಕೊಂಡು ಬಂದರು. ನಾಗಶ್ರೀ ಡಬ್ಬಿಯನ್ನು ನೋಡಿದಳು, ಮುದುಕರ ಒಣಗಿದ ಬಾಯನ್ನೂ ನೋಡಿದಳು. ಡಬ್ಬಿ ಮುಟ್ಟಲಿಲ್ಲ. ತನ್ನ ಪಾಲನ್ನೇ ತಂದು ಬಡಿಸಿದಳು.

"ನೀನ್ ಉಂಡ್ಯಾ ತಾಯಿ?" ಎಂದು ಶಿವಯ್ಯ ಕೇಳಿದರು.

"ಆಯ್ತು ಬುದ್ಧಿ" ಎಂದು ಹೇಳಿ, ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ಕುಡಿದಳು.

ತಿಂಗಳ ಸೋಮವಾರಗಳೆಲ್ಲ ಹೀಗೇ, ಅವಳಿಗೆ ಮಜ್ಜಿಗೆಯಲ್ಲೇ ಕಳೆದವು. ಬಂದವರು ಯಾರೂ ಹಸಿದು ಹೋಗಲಿಲ್ಲ. ಕೊನೆಯ ಸೋಮವಾರ ಸಂಜೆ ಕೋಮಲ ಬಸ್ಸಿಳಿದು ಬಂದು ಚಪ್ಪಲಿ ಬಿಡುವಷ್ಟರಲ್ಲೇ ನಾಗಶ್ರೀ ಡಬ್ಬಿಯ ಮುಚ್ಚಳ ತೆಗೆದು ಹಿಡಿದಳು.

"ನೋಡ್ಕ. ಅರ್ಧಕ್ಕರ್ಧ ಉಳಿದದ."

ಕೋಮಲಳ ಮುಖ ಅರಳಿತು. "ಅಯ್ಯೋ, ಎಷ್ಟ್ ಚೆನ್ನಾಗಾಯ್ತು ಅಕ್ಕ! ಅಂಗಾದ್ರೆ ಮುಂದಿನ ತಿಂಗಳಿಂದ ಈ ಡಬ್ಬಿಗೆ ಅರ್ಧವೇ ಸಾಕು. ಮಿಕ್ಕಿದ್ನ ಮಾರಿ ಫೀಜಿನ ಡಬ್ಬಿಗೆ ಹಾಕವ."

ಗೆದ್ದೆನೆಂದು ನಿಂತಿದ್ದ ನಾಗಶ್ರೀ ಡಬ್ಬಿಯನ್ನು ಎದೆಗವಚಿಕೊಂಡು ಮುಚ್ಚಳ ಒತ್ತಿದಳು.

"ಅದೆಲ್ಲ ಆಗಕಿಲ್ಲ. ಪೂರ್ತಿ ಹಾಕು."

"ಯಾಕಕ್ಕ? ಉಳಿದದಲ್ಲ?"

"ಮುಂದಿನ ಸೋಮವಾರದಿಂದ ನಾನೂ ಉಣ್ತೀನಿ ಕಣೆ."