ಹೆಡ್ ನರ್ಸಿಗೆ ಗಡ್ಡ ಬಂದ ದಿನ

ಫೋಟೋ ಅಂಗಡಿಯವನನ್ನು ಬೀದಿಯವರೆಲ್ಲ ‘ನಗ್ರಿ ಅಣ್ಣ’ ಎಂದೇ ಕರೆಯುತ್ತಿದ್ದರು. ಕ್ಯಾಮೆರಾ ಹಿಂದೆ ನಿಂತು ದಿನವಿಡೀ ‘ನಗ್ರಿ, ಸ್ವಲ್ಪ ನಗ್ರಿ’ ಎನ್ನುವುದೇ ಅವನ ಕೆಲಸ. ತಾನು ಮಾತ್ರ ನಕ್ಕವನಲ್ಲ. ಎಲ್ಲರ ಕೈಗೂ ಫೋನ್ ಕ್ಯಾಮೆರಾ ಬಂದ ಮೇಲಂತೂ ನಗಲು ಕಾರಣವೂ ಉಳಿದಿರಲಿಲ್ಲ.

ಅಂಥದ್ದರಲ್ಲಿ ದೊಡ್ಡಾಸ್ಪತ್ರೆಯ ಕೆಲಸ ಕೈಗೆ ಬಂತು. ನರ್ಸ್‌ಗಳೆಲ್ಲರ ಗುರುತಿನ ಕಾರ್ಡ್. ಇದೊಂದನ್ನು ಸರಿಯಾಗಿ ಮಾಡಿಕೊಟ್ಟರೆ ಡಾಕ್ಟರುಗಳದ್ದೂ ಇವನಿಗೇ. ಕೆಡಿಸಿದರೆ ಅಂಗಡಿಗೆ ಬೀಗ.

ಅಂದು ಬೆಳಗ್ಗೆ ಕಂಪ್ಯೂಟರ್ ಹಾಕಿದರೆ, ಪರದೆಯ ಮೂಲೆಯಲ್ಲಿ ಮತ್ತದೇ ಪ್ರಶ್ನೆ: ‘ಸುರಕ್ಷತಾ ಅಪ್‌ಡೇಟ್ ಬಂದಿದೆ. ಈಗ ಹಾಕಲೇ? ಆಮೇಲೆ ನೆನಪಿಸಲೇ?’

ಅವನು ‘ಆಮೇಲೆ’ ಒತ್ತಿದ.

“ರೀ, ತಿಂಗಳಿಂದ ಪಾಪ ಅದು ಕೇಳ್ತಾನೇ ಇದೆ,” ಎಂದಳು ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ ಹೆಂಡತಿ.

“ಕೇಳಲಿ ಬಿಡು. ಚೆನ್ನಾಗಿ ಓಡಾಡ್ಕೊಂಡಿರೋರಿಗೆ ಯಾರಾದ್ರೂ ಔಷಧಿ ಕುಡಿಸ್ತಾರಾ?”

“ನನ್ನ ತಂಗಿ ಏನಂದ್ಲು ಅಂದ್ರೆ...”

“ನಿನ್ನ ತಂಗಿ ಕಾಲೇಜಿನ ಕಂಪ್ಯೂಟರ್ ನೋಡ್ಕೊಳ್ಳೋಳು. ಅವಳಿಗೆ ಪುರುಸೊತ್ತಿದೆ. ನನಗೆ ಇವತ್ತು ಕಾರ್ಡ್ ಕೊಡ್ಬೇಕು!”

ನರ್ಸ್‌ಗಳ ಫೋಟೋಗಳನ್ನು ಅವನು ಹಿಂದಿನ ದಿನವೇ ಕಂಪ್ಯೂಟರಿಗೆ ಹಾಕಿಕೊಂಡು, ಕ್ಯಾಮೆರಾದ ಮೆಮೊರಿಯನ್ನು ಪೂರ್ತಿ ಅಳಿಸಿ, ಅದರ ಮೇಲೆ ಬೇರೆ ಗಿರಾಕಿಗಳ ಫೋಟೋ ತೆಗೆದೂ ಆಗಿತ್ತು. ಅದು ಅವನ ಶಿಸ್ತು. ‘ಉಂಡ ತಟ್ಟೆ ತೊಳೆದಿಟ್ಟ ಹಾಗೆ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಸೈಕಲ್ ರಿಪೇರಿಯವನು ಬಂದು, ಮೊಮ್ಮಗಳ ಫೋಟೋ ಮಗ್ಗಿನ ಮೇಲೆ ಹಾಕಿಕೊಡು ಎಂದು ಪೆನ್‌ಡ್ರೈವ್ ಕೊಟ್ಟುಹೋದ. ಬೇಕಾದ ಒಂದೇ ಫೋಟೋ ಹುಡುಕುವ ತಾಳ್ಮೆ ನಗ್ರಿ ಅಣ್ಣನಿಗೆ ಎಂದೂ ಇರಲಿಲ್ಲ. ಪೆನ್‌ಡ್ರೈವಿನಲ್ಲಿದ್ದುದನ್ನೆಲ್ಲ ಒಟ್ಟಿಗೇ ಕಾಪಿ ಮಾಡಿಕೊಂಡುಬಿಡುವುದು ರೂಢಿ. ಹಾಗೇ ಮಾಡಿದ.

ಮಧ್ಯಾಹ್ನ ಹೆಡ್ ನರ್ಸ್ ತಾವೇ ಬಂದರು. ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಿದ್ದ ಮೊದಲ ಕಾರ್ಡನ್ನೇ ಕೈಗೆತ್ತಿಕೊಂಡರು. ಕೆಳಗೆ ಅವರದೇ ಹೆಸರು, ಅವರದೇ ರಕ್ತದ ಗುಂಪು. ಮೇಲೆ, ಎಲೆ ಮೆಲ್ಲುತ್ತ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದ ಒಂದು ಮೇಕೆ.

“ಇದು ನಾನಾ?”

ಅವನು ಕಾರ್ಡಿನ ಕಡೆ ಬಗ್ಗಿ ನೋಡಿದ. “ಬೆಳಕು... ಬೆಳಕು ಸ್ವಲ್ಪ ಹೆಚ್ಚುಕಮ್ಮಿ ಆಗಿದೆ ಸಿಸ್ಟರ್.”

“ಗಡ್ಡಾನೂ ಬೆಳಕಿಗೇ ಬಂತಾ?”

ಎರಡನೆಯ ಕಾರ್ಡಿನಲ್ಲೂ ಮೇಕೆ. ಮೂರನೆಯದರಲ್ಲೂ. ಹೆರಿಗೆ ವಾರ್ಡಿನವರು, ಆಪರೇಷನ್ ಕೋಣೆಯವರು, ಎಲ್ಲರಿಗೂ ಅದೇ ಮುಖ.

“ನಾಳೆಯಿಂದ ಕಾರ್ಡ್ ಇಲ್ಲದವರನ್ನ ಗೇಟಲ್ಲೇ ನಿಲ್ಲಿಸ್ತಾರೆ. ಸಾಯಂಕಾಲದೊಳಗೆ ಮನುಷ್ಯರ ಮುಖ ಇರೋ ಕಾರ್ಡ್ ತನ್ನಿ. ಇಲ್ಲಾಂದ್ರೆ ಈ ಕೆಲಸ ಎದುರು ಅಂಗಡಿಗೆ,” ಎಂದು ಹೇಳಿ ಹೆಡ್ ನರ್ಸ್ ಮೇಕೆಯನ್ನು ಮೇಜಿನ ಮೇಲೆ ಬೋರಲು ಹಾಕಿ ಹೊರಟೇಹೋದರು.

ಹೆಂಡತಿ ಕತ್ತರಿ ಕೆಳಗಿಟ್ಟಳು. ತಂಗಿಗೆ ಫೋನ್ ಮಾಡಿದಳು. ಊಟದ ಬಿಡುವಿನಲ್ಲೇ ಓಡಿಬಂದ ನಾದಿನಿ, ಪೆನ್‌ಡ್ರೈವಿನ ಒಳಗೆಲ್ಲ ಜಾಲಾಡಿ, ಕುರ್ಚಿ ತಿರುಗಿಸಿ ಕೂತಳು.

“ಭಾವ, ನಿಮ್ಮ ಮದುವೆ ಅಂಗಿ ಎಲ್ಲಿದೆ?”

“ಈಗ್ಯಾಕೆ ಆ ಮಾತು?”

“ಹೇಳಿ ಅಂದ್ರೆ!”

ಅವನು ಲೆನ್ಸ್ ಒರೆಸುವ ಬಟ್ಟೆಯ ಕಡೆ ಕೈ ತೋರಿಸಿದ. ಹಿಂದೊಮ್ಮೆ ಹೆಂಡತಿ ಆ ಅಂಗಿಯಿದ್ದ ಚೀಲ ಕೊಟ್ಟು ಇಸ್ತ್ರಿ ಅಂಗಡಿಗೆ ಕಳಿಸಿದ್ದಳು. ಚೀಲದೊಳಗೆ ಯಾವುದೋ ಹಳೆಯ ಚೀಟಿ ಸಿಕ್ಕಿತ್ತು: ‘ದರ್ಜಿಗೆ ಕೊಟ್ಟು ಒರೆಸುವ ಬಟ್ಟೆ ಮಾಡಿಸಿ.’ ಬರೆದವರು ಯಾರು ಎಂದು ಕೇಳುವ ಗೋಜಿಗೆ ಹೋಗದೆ ಇವನು ನೆಟ್ಟಗೆ ದರ್ಜಿಯ ಬಳಿಗೆ ನಡೆದಿದ್ದ.

“ಈ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಕಾಪಿ ಮಾಡೋ ಆಜ್ಞೆ ಇದೆಯಲ್ಲ, ಅದೂ ಥೇಟ್ ನಿಮ್ಮ ಹಾಗೇ. ನೀವು ‘ಇದನ್ನ ಆ ಫೋಲ್ಡರಲ್ಲಿಡು’ ಅಂದ್ರಿ. ಯಾವನೋ ಕಿಡಿಗೇಡಿ ಪೆನ್‌ಡ್ರೈವಲ್ಲಿ ಚೀಟಿ ಥರದ್ದೊಂದು ಫೈಲ್ ಬಚ್ಚಿಟ್ಟಿದ್ದ. ‘ಅಲ್ಲಿ ಬೇಡ, ಫೋಟೋ ಇಡೋ ಕಡೆ ಹೋಗು, ಇರೋದನ್ನೆಲ್ಲ ಅಳಿಸಿ ಮೇಕೆ ಕೂರಿಸು’ ಅಂತ. ಅದು ಯಾರನ್ನೂ ಕೇಳದೆ ಕೂರಿಸಿಬಂತು.”

“ಹಂಗಾದ್ರೆ ಆ ಸೈಕಲ್ಲಿನವನೇ...”

“ಅಯ್ಯೋ, ಅವರಿಗೇನು ಗೊತ್ತು? ಎಲ್ಲಿಂದಲೋ ಅಂಟ್ಕೊಂಡು ಬಂದಿದೆ. ಆಜ್ಞೆಯಲ್ಲಿ ಈ ದೋಷ ಇದೆ ಅಂತ ಗೊತ್ತಾಗಿ, ಮಾಡಿದವರೇ ರಿಪೇರಿ ಮಾಡಿ ಕಳಿಸಿದ್ದಾರೆ ಭಾವ. ತಿಂಗಳಿಂದ ಮೂಲೇಲಿ ನಿಂತು ‘ಒಳಗೆ ಬರಲಾ’ ಅಂತ ಕೇಳ್ತಿದ್ದದ್ದು ಅದೇ.”

“ಆಯ್ತು ತಾಯಿ, ತಪ್ಪಾಯ್ತು. ಈಗ ಹಾಕಿದ್ರೆ ಫೋಟೋ ವಾಪಸ್ ಬರುತ್ತಾ?”

“ಕತ್ತರಿಸಿದ ಅಂಗಿ ವಾಪಸ್ ಬಂತಾ? ಇನ್ನೊಂದು ಕಡೆ ಪ್ರತಿ ಇಟ್ಟಿದ್ರೆ ಸಿಗ್ತಿತ್ತು.”

“ಇವರು ತಟ್ಟೆ ತೊಳೆದಿಟ್ಟಿದ್ದಾರಮ್ಮ,” ಎಂದಳು ಹೆಂಡತಿ.

ಅಪ್‌ಡೇಟಿಗೆ ಒಂದು ಗಂಟೆ ಬೇಕು ಎಂದು ಪರದೆ ತೋರಿಸಿತು. ಇರುವುದೇ ಒಂದು ಮಧ್ಯಾಹ್ನ! ನಗ್ರಿ ಅಣ್ಣನ ಬೆರಳು ಅಭ್ಯಾಸಬಲದಿಂದ ಮತ್ತೆ ‘ಆಮೇಲೆ’ ಕಡೆ ಹೊರಟಿತು. ಹೆಂಡತಿ ಆ ಕೈಗೇ ಕ್ಯಾಮೆರಾ ತುರುಕಿ, ತಾನೇ ‘ಈಗ’ ಒತ್ತಿದಳು.

“ಅದು ತನ್ನ ಪಾಡಿಗೆ ಹಾಕ್ಕೊಳ್ಳಲಿ. ನೀವು ಆಸ್ಪತ್ರೆಗೆ ಓಡಿ.”

ಓಡಿದ. ಗೋಡೆಗೆ ಬಿಳಿ ಹಾಸಿಗೆ ಬಟ್ಟೆ ಕಟ್ಟಿ, ವಾರ್ಡಿನಿಂದ ವಾರ್ಡಿಗೆ ಅಲೆದ. ಸುದ್ದಿ ಇವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಕೊನೆಯಲ್ಲಿ ಹೆಡ್ ನರ್ಸ್ ಮುಖ ಬಿಗಿದುಕೊಂಡು ಸ್ಟೂಲಿನ ಮೇಲೆ ಕುಳಿತರು.

“ನಗ್ರಿ ಸಿಸ್ಟರ್,” ಎಂದ, ಕ್ಯಾಮೆರಾ ಹಿಂದಿನಿಂದ.

“ಮೊದಲು ನೀವು ನಗ್ರಿ.”

ತುಟಿ ಅಗಲಿಸಲು ನೋಡಿದ. ಆಗಲಿಲ್ಲ. ಹಿಂದಿನಿಂದ ಯಾರೋ ಸಣ್ಣಗೆ “ಮ್ಯಾ...” ಎಂದರು. ಅವನಿಗೆ ನಗು ಒತ್ತರಿಸಿ ಬಂತು. ಹೆಡ್ ನರ್ಸ್ ಕೂಡ ಬಾಯ್ತುಂಬ ನಕ್ಕರು. ಆ ಗಳಿಗೆಯಲ್ಲೇ ಕ್ಲಿಕ್ ಮಾಡಿದ.

ಅಂಗಡಿಗೆ ಬಂದಾಗ ಅಪ್‌ಡೇಟ್ ಮುಗಿದಿತ್ತು. ಕಾಲೇಜು ಮುಗಿಸಿ ಮತ್ತೆ ಬಂದಿದ್ದ ನಾದಿನಿ ಹೊಸ ಫೋಟೋಗಳನ್ನು ಮೊದಲು ಬೇರೊಂದು ಡಿಸ್ಕಿನಲ್ಲಿ ಇಟ್ಟು, ಕಂಪ್ಯೂಟರಿಗೂ ಹಾಕಿ, ಆಮೇಲೆ ಬೇಕೆಂದೇ ಅದೇ ಪೆನ್‌ಡ್ರೈವ್ ಚುಚ್ಚಿ ಕಾಪಿ ಒತ್ತಿದಳು. ಅವನು ಕಣ್ಣು ಮುಚ್ಚಿಕೊಂಡ.

“ಕಣ್ಣು ಬಿಡಿ ಭಾವ.”

ಪರದೆಯ ಮೇಲೆ ಬರೆದಿತ್ತು: ‘ಈ ಫೈಲ್ ನೀವು ಹೇಳಿದ ಜಾಗ ಬಿಟ್ಟು ಬೇರೆ ಕಡೆ ಹೋಗಲು ನೋಡುತ್ತಿದೆ. ಕಾಪಿ ಮಾಡಿಲ್ಲ.’

“ಅಬ್ಬ, ಬುದ್ಧಿ ಬಂತು,” ಎಂದಳು ಹೆಂಡತಿ.

“ಕಂಪ್ಯೂಟರಿಗಾ?”

“ನಿಮಗೆ ಬಂದಿದ್ದು ಅದಕ್ಕೂ ಬಂತು.”

ಕತ್ತಲಾಗುವ ಮುಂಚೆ ಕಾರ್ಡುಗಳು ಆಸ್ಪತ್ರೆ ಸೇರಿದವು. ಹೆಡ್ ನರ್ಸ್ ತಮ್ಮ ನಗುಮುಖವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಗಲ್ಲ ಸವರಿಕೊಂಡು, “ಡಾಕ್ಟರುಗಳದ್ದು ಯಾವಾಗ ಶುರು ಮಾಡ್ತೀರಿ?” ಎಂದರು.

ಆ ಮೇಕೆ ಕಾರ್ಡ್ ಈಗ ಅಂಗಡಿಯ ಕಂಪ್ಯೂಟರಿನ ನೆತ್ತಿಯ ಮೇಲಿದೆ. ಅಪ್‌ಡೇಟ್ ಬಂದಾಗಲೆಲ್ಲ ನಗ್ರಿ ಅಣ್ಣ ಅದರ ಮುಖ ನೋಡಿ ‘ಈಗಲೇ’ ಒತ್ತುತ್ತಾನೆ.

ಅಕ್ಕ, ಅಣ್ಣ, ಈಗ ನಿಮ್ಮ ಸರದಿ. ಮನೆಯಲ್ಲೋ ಅಂಗಡಿಯಲ್ಲೋ ನಿಮ್ಮ ಕಂಪ್ಯೂಟರ್, ನಿಮ್ಮ ಫೋನ್ ಸುರಕ್ಷತಾ ಅಪ್‌ಡೇಟ್ ಕೇಳುತ್ತಿದ್ದರೆ ಮುಂದಕ್ಕೆ ತಳ್ಳಬೇಡಿ. ಊಟಕ್ಕೆ ಏಳುವಾಗ ಹಾಕಿಬಿಡಿ, ಕೈ ತೊಳೆದು ಬರುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಬೇರೆಯವರ ಪೆನ್‌ಡ್ರೈವಿನಿಂದ ಬೇಕಾದ್ದನ್ನು ಮಾತ್ರ ತೆಗೆದುಕೊಳ್ಳಿ. ಕಳೆದುಹೋದರೆ ಹೊಟ್ಟೆ ಉರಿಯುವಂಥದ್ದೇನಿದ್ದರೂ ಇನ್ನೊಂದು ಕಡೆ ಪ್ರತಿ ಇಡಿ. ಅಲ್ಲಿಯವರೆಗೆ ತಟ್ಟೆ ತೊಳೆಯಬೇಡಿ.

‘ಆಮೇಲೆ’ ಎನ್ನುವ ಮೊದಲು ಒಮ್ಮೆ ಗಲ್ಲ ಮುಟ್ಟಿ ನೋಡಿಕೊಳ್ಳಿ.