ಉಸಿರಿನ ಚೀಲ

ಹಳೇ ಸೈಕಲ್ಲಿಗೆ ಎಂಬತ್ತು ರೂಪಾಯಿ, ಅದನ್ನು ನಿಂತಲ್ಲೇ ತುಳಿಯುವಂತೆ ಎತ್ತಿ ನಿಲ್ಲಿಸಿದ ಕಬ್ಬಿಣದ ಸ್ಟ್ಯಾಂಡಿಗೆ ಇಪ್ಪತ್ತು, ಉಸಿರು ಹಿಡಿಯುವ ರಬ್ಬರ್ ಚೀಲಕ್ಕೆ ಮೂವತ್ತೈದು. ನಿಂಬೆಹಣ್ಣಿಗೆ ಐದೇ ಪೈಸೆ. ಕೆಲಸ ಕೆಡಿಸಿದ್ದು ನಿಂಬೆಹಣ್ಣು.

ಪರಮಶಿವಯ್ಯ ಮೆಡಿಕಲ್ ಕಾಲೇಜಿನಲ್ಲಿ ಶರೀರಶಾಸ್ತ್ರದ ಮೇಷ್ಟ್ರು. ರೇಸಿನಲ್ಲಿ ಸೈಕಲ್ ತುಳಿಯುವವನ ಉಸಿರು ಅಳೆದು ತೋರಿಸಿದರೆ ಪ್ರಯೋಗಶಾಲೆ ಕೊಡಿಸುತ್ತೇನೆಂದು ದೆಹಲಿಯ ಅಧಿಕಾರಿ ಗೌರೀಶಂಕರ ಬರೆದಿದ್ದರು. ಬಂದು ನೋಡಲು ಅವರಿಗೆ ಬಿಡುವಾದದ್ದು ಆಯುಧಪೂಜೆಯ ದಿನ. ಕಾಲೇಜಿಗೆ ರಜೆ, ಹಾಗಾಗಿ ಜಯನಗರದ ಮನೆಯಂಗಳದಲ್ಲೇ ಪರೀಕ್ಷೆ. ತುಳಿಯುವವನು ಬಿಳೇಕಹಳ್ಳಿಯ ಚಿಕ್ಕಬೈರಪ್ಪ. ಬೆಳಿಗ್ಗೆ ಮನೆಮನೆಗೆ ಹಾಲು, ಭಾನುವಾರ ರೇಸು.

ಬೆನ್ನಿಗೆ ಚೀಲ ಕಟ್ಟಿಸಿಕೊಂಡ ಚಿಕ್ಕಬೈರಪ್ಪ ಸೈಕಲ್ ಹತ್ತಲೇ ಇಲ್ಲ.

"ಅಮ್ಮಾವ್ರು ಪೂಜೆ ಮಾಡಿ ನಿಂಬೆಹಣ್ಣು ಇಟ್ಟವ್ರೆ ಸಾ. ಅದು ಚಕ್ರದಡಿ ಅಪ್ಪಚ್ಚಿಯಾಗ್ದೆ ತುಳಿಯಾಕಿಲ್ಲ."

"ಚಕ್ರ ನೆಲಕ್ಕೇ ತಾಗಲ್ಲವಲ್ಲೋ!" ಎಂದರು ಪರಮಶಿವಯ್ಯ.

"ಇಳಿಸು," ಎಂದರು ಅವರ ತಾಯಿ ನೀಲಗಂಗಮ್ಮ. "ಒಂದು ಸಲ ಉರುಳಿಸಿ ಮತ್ತೆ ಏರಿಸು. ನಿನ್ನ ವಿದ್ಯೆ ಏನೂ ಸವೆಯಲ್ಲ."

ಇಳಿಸಿದರು. ಚಿಕ್ಕಬೈರಪ್ಪ ಚೀಲದ ಕೊಳವೆ ಕಚ್ಚಿಕೊಂಡು ಹತ್ತಿದ. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಚಕ್ರ ನೆಲ ಕಂಡದ್ದೇ ತಡ, ಕಾಲುಗಳಿಗೆ ದಿನದ ದಾರಿ ನೆನಪಾಯಿತು. ಗೇಟು ದಾಟಿ ಹೊರಟೇ ಹೋದ. ಪರಮಶಿವಯ್ಯ ಪಂಚೆ ಎತ್ತಿಕಟ್ಟಿ ಹಿಂದೆ ಓಡಿದರು.

ಅಭ್ಯಾಸಬಲ, ಹಾಲು ಕೊಳ್ಳುವ ಪ್ರತಿ ಮನೆಯ ಮುಂದೆಯೂ ಅವನು ನಿಂತು ಬೆಲ್ ಹೊಡೆದ. ಬಾಯಲ್ಲಿ ಕೊಳವೆ, ಮಾತಿಲ್ಲ. ಬೆನ್ನ ಮೇಲೆ ಕುಂಬಳಕಾಯಿಯಂತೆ ಊದಿದ ಚೀಲ.

"ಹಬ್ಬಕ್ಕೆ ಎಷ್ಟೊಂದು ಹಾಲು ತಂದಿದಾನೆ ನೋಡ್ರೇ!" ಎನ್ನುತ್ತ ಮೂರನೇ ಮನೆಯ ಅಂಜನಮ್ಮ ಚೆಂಬು ಹಿಡಿದು ಬಂದರು.

"ಹಾಲಲ್ಲ ತಾಯಿ, ಉಸಿರು! ಮುಟ್ಟಬೇಡಿ!" ಪರಮಶಿವಯ್ಯ ಏದುಸಿರಿನಲ್ಲೇ ಕೂಗುವಷ್ಟರಲ್ಲಿ ಅಂಜನಮ್ಮ ಚೀಲದ ಬಿರಡೆ ಎಳೆದಾಗಿತ್ತು. ಬುಸ್ಸೆಂದು ಅವರ ಮುಡಿಯ ಹೂವೆಲ್ಲ ಹಾರಿತು.

ಇಬ್ಬರೂ ತಿರುಗಿ ಬಂದಾಗ ಗೌರೀಶಂಕರ ಕುರ್ಚಿಯಿಂದ ಏಳದೆ ಕೇಳಿದರು: "ಏನ್ರೀ, ಉಸಿರೆಲ್ಲಿ?"

"ಮೂರನೇ ಮನೇಲಿ ಖರ್ಚಾಯ್ತು ಸಾರ್," ಎಂದರು ಪರಮಶಿವಯ್ಯ.

ಗೌರೀಶಂಕರ ನಗಲಿಲ್ಲ. ನೀಲಗಂಗಮ್ಮ ಕೊಟ್ಟ ಕೋಸಂಬರಿ ತಿಂದು ಸಂಜೆಯ ರೈಲಿಗೆ ಹೊರಟರು.

ಪರಮಶಿವಯ್ಯನಿಗೆ ಪ್ರಯೋಗಶಾಲೆ ಸಿಗಲಿಲ್ಲ. ಅಷ್ಟು ದೊಡ್ಡ ಚೀಲ ಕಂಡ ಆ ಬೀದಿಯಲ್ಲಿ ಚಿಕ್ಕಬೈರಪ್ಪನಿಗೆ ಹೊಸದಾಗಿ ಆರು ಮನೆಗಳ ಹಾಲಿನ ವರ್ತನೆ ಸಿಕ್ಕಿತು.